ಪದಚರ್ಚೆ: ‘ಕಾನ್ಸಿಯರ್ಜ್ ಮೆಡಿಸಿನ್’ಗೆ ‘ಆಪ್ತ ವೈದ್ಯಸೇವೆ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಮಕ್ಕಳೊಂದಿಗೆ ನೆಲೆಸಿರುವ ಕನ್ನಡದ ಹಿರಿಯರಿಗಾಗಿ ಅಲ್ಲಿನ ವೈದ್ಯಕೀಯ ವ್ಯವಸ್ಥೆಯನ್ನು ವಿವರಿಸುವ ಒಂದು ಕೈಪಿಡಿಯ ಕರಡನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ಕಾನ್ಸಿಯರ್ಜ್ ಮೆಡಿಸಿನ್’ ಎಂಬುದನ್ನು ‘ಆಪ್ತ ವೈದ್ಯಸೇವೆ’ ಎಂದು ಕನ್ನಡಿಸಿದ್ದಾರೆ. ಈ ಪದವನ್ನು ಹಾಗೆಯೇ ಬಿಡಲು ನನಗೆ ಮನಸ್ಸಿಲ್ಲ.

ಪರಿಚಯವಿಲ್ಲದವರಿಗಾಗಿ ಪದ್ಧತಿಯ ಬಗ್ಗೆ ನಾಲ್ಕು ಮಾತು. ರೋಗಿ ವರ್ಷಕ್ಕೋ ತಿಂಗಳಿಗೋ ಇಷ್ಟೆಂದು ಶುಲ್ಕ ಕಟ್ಟುತ್ತಾನೆ. ಪ್ರತಿಯಾಗಿ, ರೋಗಿ ಕರೆ ಮಾಡಿದಾಗ ವೈದ್ಯರು ಫೋನಿಗೆ ಸಿಗುತ್ತಾರೆ, ಅಂದೇ ಅಥವಾ ಮರುದಿನವೇ ನೋಡುತ್ತಾರೆ, ಅವಸರವಿಲ್ಲದೆ ಮಾತನಾಡುತ್ತಾರೆ. ಬ್ಯಾಸ್ಕೆಟ್‌ಬಾಲ್ ತಂಡವೊಂದರ ವೈದ್ಯರಾಗಿದ್ದ ಡಾ. ಹೊವಾರ್ಡ್ ಮ್ಯಾರನ್ 1996ರಲ್ಲಿ ಸಿಯಾಟಲ್‌ನಲ್ಲಿ ತೆರೆದ ಚಿಕಿತ್ಸಾಲಯದಿಂದ ಇದು ಆರಂಭವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿ ಒಬ್ಬ ವೈದ್ಯರಿಗೆ 50 ಕುಟುಂಬಗಳು ಮಾತ್ರ. 2000ದಲ್ಲಿ ಫ್ಲಾರಿಡಾದಲ್ಲಿ ಹುಟ್ಟಿದ ‘ಎಂಡಿವಿಐಪಿ’ ಎಂಬ ಕಂಪನಿ ಶುಲ್ಕವನ್ನು ತಗ್ಗಿಸಿ, ವೈದ್ಯರೊಬ್ಬರಿಗೆ ಸುಮಾರು 600 ರೋಗಿಗಳೆಂದು ಮಿತಿ ಹಾಕಿ, ಪದ್ಧತಿಯನ್ನು ಮಧ್ಯಮವರ್ಗದ ಮೇಲಂಚಿನವರೆಗೆ ತಂದಿತು.

ಸಾಮಾನ್ಯ ಕುಟುಂಬ ವೈದ್ಯರ ಪಟ್ಟಿಯಲ್ಲಿ ಅಲ್ಲಿ 2,000ಕ್ಕೂ ಹೆಚ್ಚು ಜನರಿರುತ್ತಾರೆ. ಅಂಥವರು ಹೊಸ ಪದ್ಧತಿಗೆ ಹೊರಳಿದರೆ ಉಳಿದವರು ಎಲ್ಲಿಗೆ ಹೋಗಬೇಕು? ಅವರಿಗೆ ಒಂದು ಪತ್ರ ಬರುತ್ತದೆ: ಇಂಥ ದಿನಾಂಕದೊಳಗೆ ಸದಸ್ಯರಾಗಿ, ಇಲ್ಲವಾದರೆ ನಿಮ್ಮ ದಾಖಲೆಗಳನ್ನು ಬೇರೆ ವೈದ್ಯರಿಗೆ ಕಳುಹಿಸುತ್ತೇವೆ. ಇಪ್ಪತ್ತು ವರ್ಷ ನೋಡಿಕೊಂಡ ವೈದ್ಯರಿಂದಲೂ ಇಂಥ ಪತ್ರ ಬರಬಹುದು. ಹಿರಿಯರಿಗಾಗಿ ಇರುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ‘ಮೆಡಿಕೇರ್’ ಈ ಸದಸ್ಯತ್ವ ಶುಲ್ಕದಲ್ಲಿ ಒಂದು ಡಾಲರನ್ನೂ ಭರಿಸುವುದಿಲ್ಲ. ಬೇರೆ ವೈದ್ಯರನ್ನು ಹುಡುಕಿಕೊಳ್ಳಲು ರೋಗಿಗೆ ನೆರವಾಗಬೇಕು, ಊರಿನಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಆರೈಕೆ ಮುಂದುವರಿಸುವ ನೈತಿಕ ಹೊಣೆ ವೈದ್ಯರ ಮೇಲೆಯೇ ಬೀಳಬಹುದು ಎಂದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2003ರಲ್ಲೇ ಹೇಳಿದೆ. ಆದರೆ ಆ ‘ಬೇರೆ ವೈದ್ಯರು’ ಸಿಗುವುದೇ ಕಷ್ಟವಾಗುತ್ತಿದೆ. 2036ರ ಹೊತ್ತಿಗೆ ಆ ದೇಶದಲ್ಲಿ 86,000ದವರೆಗೆ ವೈದ್ಯರ ಕೊರತೆಯಾಗಬಹುದೆಂದು ಅಲ್ಲಿನ ವೈದ್ಯಕೀಯ ಕಾಲೇಜುಗಳ ಸಂಘ 2024ರಲ್ಲಿ ಅಂದಾಜು ಮಾಡಿತು. ವೈದ್ಯರ ಪಾಡೂ ಸಣ್ಣದಲ್ಲ. ಹದಿನೈದು ನಿಮಿಷಕ್ಕೊಬ್ಬರಂತೆ ರೋಗಿಗಳನ್ನು ನೋಡಿ, ರಾತ್ರಿಯೆಲ್ಲ ವಿಮೆಯ ಕಾಗದ ತುಂಬಿ ಬೇಸತ್ತವರೇ ಹೆಚ್ಚಾಗಿ ಇತ್ತ ತಿರುಗುತ್ತಾರೆ.

ಈಗ ಪದದ ಮಾತು. ‘ಆಪ್ತ ಕಾರ್ಯದರ್ಶಿ’, ‘ಆಪ್ತ ಸಹಾಯಕ’ ಎಂಬ ಬಳಕೆ ಇರುವುದರಿಂದ ‘ಆಪ್ತ’ವನ್ನು ಸಮರ್ಥಿಸಬಹುದು. ಆದರೆ ಅದು ಚಿಕಿತ್ಸಾಲಯದ ಜಾಹೀರಾತಿಗೆ ಒಗ್ಗುವ ಪದ. ಓದುವ ಹಿರಿಯರಿಗೆ ಮೊದಲು ತಿಳಿಯಬೇಕಾದದ್ದು, ಇದಕ್ಕೆ ಪ್ರತ್ಯೇಕವಾಗಿ ಹಣ ಕಟ್ಟಬೇಕು ಎಂಬುದು. ಆಪ್ತತೆಯನ್ನು ಮುಂದಿಟ್ಟು ಹಣವನ್ನು ಮರೆಮಾಚುವ ಅನುವಾದ ಅವರಿಗೆ ಅನ್ಯಾಯ ಮಾಡುತ್ತದೆ.

‘ಕಾನ್ಸಿಯರ್ಜ್’ ಎಂದರೆ ಫ್ರೆಂಚ್‌ನಲ್ಲಿ ಬಾಗಿಲು ಕಾಯುವವನು. ಆ ಮೂಲವನ್ನು ಹಿಡಿದು ‘ದ್ವಾರಪಾಲಕ ವೈದ್ಯ’ ಎನ್ನೋಣವೆಂದರೆ ಅರ್ಥ ತಲೆಕೆಳಗಾಗುತ್ತದೆ. ಅಮೆರಿಕದ ವಿಮಾ ಪರಿಭಾಷೆಯಲ್ಲಿ ‘ಗೇಟ್‌ಕೀಪರ್’ ಎಂದರೆ ತಜ್ಞರ ಬಳಿಗೆ ಹೋಗಲು ಶಿಫಾರಸು ಬರೆಯಬೇಕಾದ ಪ್ರಾಥಮಿಕ ವೈದ್ಯ. ‘ದ್ವಾರಪಾಲಕ’ ಆತನಿಗೇ ಸಲ್ಲಬೇಕು. ‘ಮನೆವೈದ್ಯ’ ಎಂದರೆ ಶುಂಠಿ ಕಷಾಯ ನೆನಪಾಗುತ್ತದೆ. ಹಳೆಯ ಮೈಸೂರಿನ ‘ವರ್ತನೆ ಹಾಲು’ (ದಿನವೂ ಹಾಕಿಸಿಕೊಂಡು ತಿಂಗಳಿಗೊಮ್ಮೆ ಹಣ ಕೊಡುವ ಹಾಲು) ಹಾಕಿಸಿಕೊಂಡವರಿಗೆ ‘ವರ್ತನೆ ವೈದ್ಯ’ ಥಟ್ಟನೆ ಅರ್ಥವಾದೀತು, ಉಳಿದವರು ಮನೋವೈದ್ಯರೆಂದುಕೊಂಡಾರು.

ನನ್ನ ಮನಸ್ಸು ‘ಚಂದಾ’ದ ಕಡೆಗಿದೆ. ತೊಡಕೆಂದರೆ, ವಿಮೆಯನ್ನು ಬದಿಗಿಟ್ಟು ತಿಂಗಳ ಶುಲ್ಕವೊಂದರಲ್ಲೇ ನಡೆಯುವ ‘ಡೈರೆಕ್ಟ್ ಪ್ರೈಮರಿ ಕೇರ್’ ಎಂಬ ಇನ್ನೊಂದು ಪದ್ಧತಿಯೂ ಇದೆ. ಅದು ಸಾಮಾನ್ಯವಾಗಿ ಅಗ್ಗ. ಕಾನ್ಸಿಯರ್ಜ್‌ನಲ್ಲಿಯಾದರೋ ಬಹುಮಟ್ಟಿಗೆ ವಿಮೆಗೆ ಬಿಲ್ಲೂ ಹೋಗುತ್ತದೆ, ಮೇಲೆ ಶುಲ್ಕವೂ ಇರುತ್ತದೆ. ಹಾಗಾಗಿ ‘ಮೇಲ್ತೆರಿಗೆ’ಯ (ತೆರಿಗೆಯ ಮೇಲೆ ಹಾಕುವ ತೆರಿಗೆ) ಜಾಡಿನಲ್ಲಿ ಕಾನ್ಸಿಯರ್ಜ್‌ಗೆ ‘ಮೇಲ್ಚಂದಾ ವೈದ್ಯಪದ್ಧತಿ’, ಎರಡನೆಯದಕ್ಕೆ ‘ನೇರಚಂದಾ ವೈದ್ಯಪದ್ಧತಿ’ ಎಂದು ಸೂಚಿಸುತ್ತೇನೆ. ಗಣೇಶೋತ್ಸವಕ್ಕೆ ಚಂದಾ ಎತ್ತುವ ಅರ್ಥ ಇಲ್ಲಿ ಅಡ್ಡಬರುತ್ತದೆಯೇ? ‘ಚಂದಾದಾರ’ ಪತ್ರಿಕೆಗಳಿಂದಾಗಿ ಸಾಕಷ್ಟು ಗಟ್ಟಿಯಾಗಿದೆ ಎಂಬುದು ನನ್ನ ನಂಬಿಕೆ.

ಇನ್ನೊಂದು ಕೇಳಿಕೆ. ಬಡಗಿ, ಕಮ್ಮಾರ, ಅಗಸ ಮೊದಲಾದ ಆಯಗಾರರಿಗೆ ವರ್ಷಕ್ಕೊಮ್ಮೆ ಕಣದಲ್ಲಿ ಧಾನ್ಯ ಅಳೆಯುತ್ತಿದ್ದ ‘ಆಯ’ವೂ ಮೊದಲೇ ಗೊತ್ತುಪಡಿಸಿದ ಸಂಭಾವನೆಯೇ. ಆದರೆ ಆಯಗಾರರು ಇಡೀ ಊರಿಗೆ ಸೇರಿದವರು. ಹಾಗಾಗಿ ಆ ಪದವನ್ನು ಇಲ್ಲಿಗೆ ಎಳೆಯಲು ನನಗೆ ಇಷ್ಟವಿಲ್ಲ. ನಿಮ್ಮ ಕಡೆ ನಾಟಿ ವೈದ್ಯರಿಗೂ ಸೂಲಗಿತ್ತಿಯರಿಗೂ ಹೀಗೆ ವರ್ಷದ ಕಾಳು ಸಲ್ಲುತ್ತಿತ್ತೇ? ಸಲ್ಲುತ್ತಿದ್ದರೆ ಅದನ್ನು ಏನೆಂದು ಕರೆಯುತ್ತಿದ್ದರು? ಊರು, ತಾಲ್ಲೂಕಿನ ಹೆಸರಿನೊಂದಿಗೆ ತಿಳಿಸಿದರೆ ಉಪಕಾರವಾಗುತ್ತದೆ.