ಜಾಲತಾಣಕ್ಕೆ ತಡೆ: ಕಾರಣವೇ ತಿಳಿಯದ ಆದೇಶವನ್ನು ಪ್ರಶ್ನಿಸುವುದು ಹೇಗೆ?

ಪ್ರಶ್ನೆ:
ಅಂತರ್ಜಾಲದ ಮಾಹಿತಿಯನ್ನು ತಡೆಯುವ ಅಧಿಕಾರ ಕೊಡುವ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಕೇಂದ್ರ ಸರ್ಕಾರ ಒಂದು ಸಾಮಾಜಿಕ ಜಾಲತಾಣ ಖಾತೆಯನ್ನು ತಡೆಹಿಡಿದಾಗ, ಕಾನೂನಿನ ಬೇಡಿಕೆಯಂತೆ ಭಾರತದಲ್ಲಿ ತಡೆಹಿಡಿಯಲಾಗಿದೆ ಎಂಬ ಒಂದೇ ಸಾಲು ಓದುಗರಿಗೆ ಕಾಣುತ್ತದೆ. ಕಾರಣವೇ ತಿಳಿಯದ ಆದೇಶವನ್ನು ಬರೆದವರು ಹೇಗೆ ಪ್ರಶ್ನಿಸಬೇಕು?

ಉತ್ತರ 1:
ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, ಆಕ್ಷೇಪಾರ್ಹ ಸಂದೇಶಗಳಿಗೆ ಶಿಕ್ಷೆ ವಿಧಿಸುವ 66ಎ ಕಲಮನ್ನು ರದ್ದುಪಡಿಸಿದರೂ 69ಎಯನ್ನು ಉಳಿಸಿತು. ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು, ಅವುಗಳನ್ನು ಹೈಕೋರ್ಟಿಗೆ ಸಲ್ಲಿಸುವ ರಿಟ್ ಅರ್ಜಿಯ ಮೂಲಕ ಪ್ರಶ್ನಿಸಬಹುದು ಎಂಬುದು ಅದಕ್ಕೆ ಕೊಟ್ಟ ಸಮರ್ಥನೆಗಳಲ್ಲೊಂದು. ಆದರೆ 69ಎ ಅಡಿ ರಚಿಸಿದ 2009ರ ನಿಯಮಾವಳಿಯ 16ನೇ ನಿಯಮ ದೂರನ್ನೂ ಕೈಗೊಂಡ ಕ್ರಮವನ್ನೂ ಗೋಪ್ಯವಾಗಿಡುವಂತೆ ಹೇಳುತ್ತದೆ. ಕಾಣದ ಕಾರಣವನ್ನು ಯಾರು ತಾನೇ ಖಂಡಿಸಲು ಸಾಧ್ಯ?

ಉತ್ತರ 2:
ಗಲಭೆಯ ಹೊತ್ತಿನಲ್ಲಿ ಹರಡುವ ಸುಳ್ಳು ವಿಡಿಯೊಗಳನ್ನು ತಕ್ಷಣ ತಡೆಯುವ ಅಧಿಕಾರ ಸರ್ಕಾರಕ್ಕೆ ಬೇಕೇ ಬೇಕು. ತಡೆ ಆದೇಶಗಳನ್ನು ಮರುನೋಡುವ ಪರಿಶೀಲನಾ ಸಮಿತಿ ಎರಡು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬ ನಿಯಮವೂ ಇದೆಯಲ್ಲವೇ?

ಉತ್ತರ 3:
ಆ ಅಧಿಕಾರವನ್ನು ನಾನೂ ಒಪ್ಪುತ್ತೇನೆ. ಆದರೆ ಆ ಸಮಿತಿಯಲ್ಲಿರುವವರೂ ಸರ್ಕಾರದ ಅಧಿಕಾರಿಗಳೇ. ನಮ್ಮ ಕರ್ನಾಟಕ ಹೈಕೋರ್ಟ್ 2023ರ ಜೂನ್‌ನಲ್ಲಿ, ಇಂಥ ತಡೆ ಆದೇಶಗಳನ್ನು ಪ್ರಶ್ನಿಸಿದ್ದ ಟ್ವಿಟರ್‌ನ ಅರ್ಜಿಯನ್ನು 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾಗೊಳಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಮಾಹಿತಿ ತೆಗೆಯುವಂತೆ ಜಾಲತಾಣ ಕಂಪನಿಗಳಿಗೆ ಸರ್ಕಾರ ನೋಟಿಸು ಕಳಿಸುವ ‘ಸಹಯೋಗ್’ ಪೋರ್ಟಲ್ ಕುರಿತ ತೀರ್ಪಿನಲ್ಲಿ, ವಾಕ್‌ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿಯ ರಕ್ಷಣೆ ನಾಗರಿಕರಿಗೆ ಮಾತ್ರ ಎಂದಿತು. ಹಾಗಾದರೆ ಹಕ್ಕುಳ್ಳ ನಾಗರಿಕನಿಗೇ ನೋಟಿಸು ತಲುಪಬೇಕು. ವರದಕ್ಷಿಣೆಯನ್ನು ಅಣಕಿಸುವ ಜಾಲತಾಣವೊಂದರ ಪ್ರಕರಣದಲ್ಲಿ, ಆದೇಶದ ಪ್ರತಿಯನ್ನು ಅದನ್ನು ರೂಪಿಸಿದವರಿಗೆ ಕೊಟ್ಟು ಅವರ ಅಹವಾಲು ಕೇಳುವಂತೆ ದೆಹಲಿ ಹೈಕೋರ್ಟ್ 2022ರಲ್ಲಿ ಸೂಚಿಸಿತ್ತು. ರಿಟ್ ಅರ್ಜಿಯಲ್ಲಿ ಮೊದಲು ಆದೇಶದ ಪ್ರತಿಯನ್ನೇ ಕೇಳಿ.