ಪದಚರ್ಚೆ: ಸಿಬಿಲ್ ನೋಡುವಾಗ ಕೇಳುವುದು ‘ಗುರುತೋ’ ‘ಗುಟ್ಟೋ’? ‘ಗೌಪ್ಯತೆ’ ಸಾಕೇ, ‘ಖಾಸಗಿತನ’ ಬೇಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಪತ್ತಿನ ಸಹಕಾರ ಸಂಘಕ್ಕೆ ಒಂದು ಕರಪತ್ರ ಬರೆದುಕೊಡಬೇಕಾಗಿದೆ. ನಮ್ಮ ಕ್ರೆಡಿಟ್ ರಿಪೋರ್ಟನ್ನು ಆನ್‌ಲೈನಿನಲ್ಲಿ ನಾವೇ ನೋಡಿಕೊಳ್ಳುವುದು ಹೇಗೆ, ಆಗ ಏನೇನು ಮಾಹಿತಿ ಕೇಳುತ್ತಾರೆ, ಯಾವುದಕ್ಕೆ ಸುಮ್ನೆ ತಲೆಯಾಡಿಸಬಾರದು ಎಂಬುದು ವಿಷಯ. ಎರಡು ಪುಟದ ಕೆಲಸ. ಆದರೆ ನಾಲ್ಕೈದು ಪದಗಳು ಮುಂದಕ್ಕೆ ಹೋಗಲು ಬಿಡುತ್ತಿಲ್ಲ. ನಿಮ್ಮ ಕಡೆ ಏನನ್ನುತ್ತಾರೆ ತಿಳಿಸಿ.

ಮೊದಲು ಸುಲಭದ್ದು. ‘ಕ್ರೆಡಿಟ್ ರಿಪೋರ್ಟ್’ಗೆ ‘ಸಾಲದ ವರದಿ’ ಎಂದು ಬರೆಯುವವರಿದ್ದಾರೆ. ನನಗೆ ಅಷ್ಟು ಹಿಡಿಸಲಿಲ್ಲ. ಸಾಲ ಅಂದರೆ ತಂದ ದುಡ್ಡು. ಇಲ್ಲಿ ಅಳೆಯುವುದು, ಈ ಮನುಷ್ಯನಿಗೆ ಕೊಟ್ಟರೆ ವಾಪಸ್ ಬರುತ್ತದೆಯೇ ಎಂಬ ನಂಬಿಕೆಯನ್ನು. ಅದಕ್ಕೆ ನಮ್ಮಲ್ಲಿ ‘ಪತ್ತು’ ಇದ್ದೇ ಇದೆ, ಮರಾಠಿಯ ‘ಪತ್’ಗೆ ನೆಂಟ. 1905ರಲ್ಲೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ‘ಕೃಷಿ ಪತ್ತಿನ ಸಹಕಾರ ಸಂಘ’ ಎಂಬ ಬೋರ್ಡನ್ನು ಹಳ್ಳಿಹಳ್ಳಿಯಲ್ಲೂ ಓದುತ್ತೇವೆ. ಹಾಗಾಗಿ ‘ಪತ್ತಿನ ವರದಿ’ ಎಂದು ಬರೆದೆ. ಒಬ್ಬ ಹುಡುಗ ಅದನ್ನು ‘ಪತ್ತೆ ವರದಿ’ ಎಂದು ಓದಿ, ಪೊಲೀಸರದ್ದಾ ಎಂದು ಕೇಳಿದ. ಪೂರ್ತಿ ತಪ್ಪು ಅನ್ನುವಂತೆಯೂ ಇಲ್ಲ! ಆ ವರದಿಯಲ್ಲಿ ನಮ್ಮ ಹಳೇ ವಿಳಾಸ, ಫೋನ್ ನಂಬರ್, ಪ್ಯಾನ್, ಯಾವ ಬ್ಯಾಂಕಿನಲ್ಲಿ ಎಷ್ಟು ಸಾಲ, ಯಾವ ತಿಂಗಳು ಕಂತು ತಡವಾಯಿತು, ಎಲ್ಲವೂ ಇರುತ್ತದೆ.

ಇನ್ನು ಜನರ ಬಾಯಲ್ಲಿ ಇದಕ್ಕೆ ಒಂದೇ ಹೆಸರು: ಸಿಬಿಲ್. ಇಂಥ ವರದಿ ತಯಾರಿಸುವ ಕಂಪನಿಗಳು ದೇಶದಲ್ಲಿ ನಾಲ್ಕಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್ ಅವುಗಳಲ್ಲಿ ಒಂದು ಅಷ್ಟೆ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಉಳಿದ ಮೂರು. ಆದರೆ ‘ಸಿಬಿಲ್ ಬಿದ್ದಿದೆ’, ‘ಸಿಬಿಲ್ ಕೆಟ್ಟಿದೆ’ ಎಂದರೆ 300ರಿಂದ 900ರವರೆಗಿನ ಅಂಕದ ಮಾತು ಎಂದು ಎಲ್ಲರಿಗೂ ಗೊತ್ತು. ಈ ಬಳಕೆಯನ್ನು ತಿದ್ದಲು ನಾನು ಹೋಗುವುದಿಲ್ಲ.

ನನ್ನ ನಿಜವಾದ ತೊಡಕು ಮುಂದಿನದು. ವರದಿ ಬೇಕೆಂದರೆ ಮೊದಲು ನೀವೇ ನೀವು ಎಂದು ತೋರಿಸಬೇಕು. ಹೆಸರು, ಹುಟ್ಟಿದ ದಿನ, ಪ್ಯಾನ್, ಮೊಬೈಲ್ ನಂಬರ್, ಆಮೇಲೆ ಒಟಿಪಿ. ಇದಕ್ಕೆ ಪರದೆಯ ಮೇಲೆ ‘ಗುರುತಿನ ಪರಿಶೀಲನೆ’ ಎಂದೋ ‘ಗುರುತಿನ ದೃಢೀಕರಣ’ ಎಂದೋ ಹಾಕುತ್ತಾರೆ. ಓದಲು ಸರಿಯಾಗೇ ಇದೆ. ಆದರೆ ಕನ್ನಡದಲ್ಲಿ ಗುರುತು ಬೇರೆ, ಗುಟ್ಟು ಬೇರೆ. ಗುರುತು ಅಂದರೆ ನಾಲ್ಕು ಜನರಿಗೆ ಕಾಣುವಂಥದ್ದು. ಅದು ಇರುವುದೇ ತೋರಿಸುವುದಕ್ಕೆ. ಗುಟ್ಟು ನನಗೊಬ್ಬನಿಗೇ ಗೊತ್ತಿರಬೇಕು. ಪ್ಯಾನ್ ನಂಬರ್ ಇವೆರಡರಲ್ಲಿ ಯಾವುದು? ಬಾಡಿಗೆ ಕರಾರಿಗೆ ಕೊಟ್ಟಿದ್ದೇವೆ, ಚಿನ್ನದ ಅಂಗಡಿಗೆ ಕೊಟ್ಟಿದ್ದೇವೆ, ಸಿಮ್ ಮಾರುವವನಿಗೂ ಜೆರಾಕ್ಸ್ ಕೊಟ್ಟು ಬಂದಿದ್ದೇವೆ. ಹುಟ್ಟಿದ ದಿನಕ್ಕೆ ಫೇಸ್‌ಬುಕ್ಕೇ ಊರಿಗೆಲ್ಲ ಡಂಗುರ ಹೊಡೆಯುತ್ತದೆ. ಅಂದಮೇಲೆ ಇವು ಗುರುತುಗಳು, ಗುಟ್ಟುಗಳಲ್ಲ. ಆದರೂ ಇವನ್ನೇ ಬೀಗದ ಕೈ ಮಾಡಿಟ್ಟಿದ್ದಾರೆ. ಆದಾಯ ತೆರಿಗೆಯವರ ವಾರ್ಷಿಕ ಮಾಹಿತಿ ಪತ್ರ ತೆರೆಯಲು ಪಾಸ್‌ವರ್ಡ್ ಏನು? ಚಿಕ್ಕ ಅಕ್ಷರದಲ್ಲಿ ಪ್ಯಾನ್, ಅದಕ್ಕೆ ಅಂಟಿಸಿ ಹುಟ್ಟಿದ ದಿನಾಂಕ. ಇ-ಆಧಾರ್‌ಗೆ ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ.

ಅಮೆರಿಕದಲ್ಲಿರುವ ನಮ್ಮ ಬಳಗದವರಿಗೆ ಇದರ ಇನ್ನೊಂದು ರೂಪ ಗೊತ್ತಿರಬಹುದು. ಅಲ್ಲಿ ವರದಿ ಕೊಡುವ ಮುಂಚೆ ‘ಈ ನಾಲ್ಕು ಬೀದಿಗಳಲ್ಲಿ ನೀವು ಯಾವುದರಲ್ಲಿ ವಾಸವಿದ್ದಿರಿ’, ‘ಕಾರಿನ ಸಾಲ ಯಾರ ಹತ್ತಿರ ತೆಗೆದಿರಿ’ ಎಂಬಂಥ ಪ್ರಶ್ನೆ ಕೇಳುತ್ತಾರೆ. ಕೆಲವಕ್ಕೆ ‘ಮೇಲಿನ ಯಾವುದೂ ಅಲ್ಲ’ ಎಂಬುದೇ ಸರಿ ಉತ್ತರ. ಇದು ಗುಟ್ಟಿನ ಪರೀಕ್ಷೆಯಂತೆ ಕಾಣುತ್ತದೆ. ಆದರೆ 2017ರಲ್ಲಿ ಈಕ್ವಿಫ್ಯಾಕ್ಸ್ ಕಂಪನಿಯಿಂದಲೇ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿಹೋಯಿತು. ಹೆಸರು, ವಿಳಾಸ, ಹುಟ್ಟಿದ ದಿನ, ಸೋಶಿಯಲ್ ಸೆಕ್ಯುರಿಟಿ ನಂಬರ್ ಎಲ್ಲ. ಇಂಥವು ಒಮ್ಮೆ ಹೊರಗೆ ಬಿದ್ದರೆ ಮುಗಿಯಿತು. ಪಾಸ್‌ವರ್ಡ್ ಬದಲಾಯಿಸಬಹುದು, ಹುಟ್ಟಿದ ದಿನ ಬದಲಾಯಿಸುವುದು ಹೇಗೆ?

ಅದಕ್ಕೇ ಕರಪತ್ರದಲ್ಲಿ ‘ಗುರುತು ಹೇಳುವುದು’ ಮತ್ತು ‘ಗುಟ್ಟು ಹೇಳುವುದು’ ಎಂದು ಎರಡು ಬೇರೆ ಸಾಲು ಮಾಡಿದೆ. ಪ್ಯಾನ್, ಹುಟ್ಟಿದ ದಿನ ಮೊದಲನೆಯದರಲ್ಲಿ; ಒಟಿಪಿ, ಪಾಸ್‌ವರ್ಡ್ ಎರಡನೆಯದರಲ್ಲಿ. ನೆಟ್ ಸೆಂಟರಿನ ಹುಡುಗನಿಗೆ ಒಟಿಪಿ ಓದಿ ಹೇಳುವವರಿಗೆ ಈ ಮಾತು ಬೇಗ ತಲೆಗೆ ಹೋಗುತ್ತದೆ ಎಂಬ ಆಸೆ. ಒಟಿಪಿಗೆ ‘ಗುಟ್ಟಂಕಿ’ ಎಂದರೆ ಅತಿಯಾಯಿತಾ?

ಈಗ ‘ಪ್ರೈವಸಿ’. ಬಹುತೇಕ ಆ್ಯಪ್‌ಗಳ ಕನ್ನಡ ಪುಟದಲ್ಲಿ ‘ಗೌಪ್ಯತಾ ನೀತಿ’ ಎಂದಿರುತ್ತದೆ. ‘ಗೋಪ್ಯ’ ಸರಿಯೋ ‘ಗೌಪ್ಯ’ ಸರಿಯೋ ಎಂಬ ಹಳೇ ಜಗಳ ಇವತ್ತು ಬೇಡ. ನನ್ನ ತಕರಾರು ಅರ್ಥದ್ದು. ಮಂತ್ರಿಗಳು ‘ಅಧಿಕಾರ ಮತ್ತು ಗೌಪ್ಯತೆ’ಯ ಪ್ರಮಾಣ ವಚನ ತೆಗೆದುಕೊಳ್ಳುತ್ತಾರಲ್ಲ, ಅಲ್ಲಿ ಅದು ಸರಿಯಾದ ಜಾಗದಲ್ಲಿದೆ: ನನ್ನ ಕೈಗೆ ಬಂದ ವಿಷಯವನ್ನು ಹೊರಗೆ ಬಿಡುವುದಿಲ್ಲ ಎಂಬ ಮಾತು. ಹಾಗೆ ನೋಡಿದರೆ ‘ಗೌಪ್ಯತಾ ನೀತಿ’ ಎನ್ನುವ ಕಂಪನಿ, ನಿಮ್ಮಿಂದ ತೆಗೆದುಕೊಂಡಿದ್ದನ್ನು ಮುಚ್ಚಿಡುತ್ತೇನೆ ಎಂದಷ್ಟೇ ಹೇಳುತ್ತಿದೆ. ತೆಗೆದುಕೊಳ್ಳುವ ಹಕ್ಕು ಅದಕ್ಕೆ ಇದೆಯೇ, ಒಂದು ಅಂಕ ತೋರಿಸಲು ಇಷ್ಟೆಲ್ಲ ಬೇಕೇ ಎಂಬ ಪ್ರಶ್ನೆ ಆ ಪದದೊಳಗೆ ಹುಟ್ಟುವುದೇ ಇಲ್ಲ.

‘ಖಾಸಗಿತನ’ದಲ್ಲಿ ಹುಟ್ಟುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಎತ್ತಿದ್ದು ಇದನ್ನೇ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಇದು ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ನನ್ನ ಮಾಹಿತಿ ಗುಟ್ಟಾಗಿ ಉಳಿಯಿತೋ ಇಲ್ಲವೋ ಎಂಬುದಕ್ಕಿಂತ, ಅದು ಯಾರ ಕೈಗೆ ಹೋಗಬೇಕು ಎಂದು ಹೇಳುವವನು ನಾನೇ ಎಂಬುದು ದೊಡ್ಡ ಮಾತು. ಆ ತೂಕ ‘ಗೌಪ್ಯತೆ’ಗೆ ಹೊರಲಾಗುವುದಿಲ್ಲ. ‘ಖಾಸಗಿತನ’ಕ್ಕೂ ಒಂದು ಕೊರತೆ ಇದೆ, ಒಪ್ಪುತ್ತೇನೆ. ಖಾಸಗಿ ಬಸ್ಸು, ಖಾಸಗಿ ಶಾಲೆ ಎಂದು ಕೇಳಿ ಕೇಳಿ, ಸರ್ಕಾರದ್ದಲ್ಲದ್ದು ಎಂಬ ವಾಸನೆ ಅದಕ್ಕೆ ಹತ್ತಿದೆ. ಆದರೂ ನನ್ನ ಓಟು ಅದಕ್ಕೇ.

ಈ ವ್ಯತ್ಯಾಸ ಬರೀ ನಿಘಂಟಿನದಲ್ಲ ಎಂಬುದಕ್ಕೆ ನಮ್ಮ ಸಂಘದ ಸದಸ್ಯರೊಬ್ಬರ ಕಥೆ ಕೇಳಿ. ಕಿರಾಣಿ ಅಂಗಡಿ ಇಟ್ಟುಕೊಂಡವರು. ‘ಉಚಿತವಾಗಿ ಸ್ಕೋರ್ ನೋಡಿ’ ಎಂಬ ಒಂದು ಆ್ಯಪ್‌ನಲ್ಲಿ ಪ್ಯಾನ್ ಹಾಕಿದರು, ಒಟಿಪಿ ಹಾಕಿದರು, ಅಂಕ ಬಂತು. ಮಾರನೇ ದಿನದಿಂದ ಫೋನು. "ಸರ್, ಮೂರು ಲಕ್ಷ ಪ್ರೀ-ಅಪ್ರೂವ್ಡ್ ಇದೆ, ಮಾಡಿಕೊಡ್ಲಾ?" ಗಲ್ಲಾಪೆಟ್ಟಿಗೆ ಮುಂದೆ ಕೂತು ಆ ಪರದೆಯನ್ನು ಇಬ್ಬರೂ ಮತ್ತೆ ತೆರೆದು ನೋಡಿದೆವು. ‘ಮುಂದುವರಿಯಿರಿ’ ಎಂಬ ದೊಡ್ಡ ಹಸಿರು ಗುಂಡಿ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರ: ಮುಂದುವರಿದರೆ ನನ್ನ ವರದಿಯನ್ನು ಕಾಲಕಾಲಕ್ಕೆ ತರಿಸಿಕೊಳ್ಳಲು, ಪಾಲುದಾರ ಸಂಸ್ಥೆಗಳ ಜೊತೆ ಹಂಚಿಕೊಳ್ಳಲು ‘ಸಮ್ಮತಿಸುತ್ತೇನೆ’. ಪಕ್ಕದ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿತ್ತು. "ಅಲ್ರೀ, ಸ್ಕೋರ್ ತೋರ್ಸು ಅಂದೆ, ಊರಿಗೆಲ್ಲ ಹಂಚು ಅಂದ್ನಾ?" ಎಂದು ಅವರು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

‘ಸಮ್ಮತಿ’ ಎಂಬ ಪದ ಅವರಿಗೆ ಮದುವೆ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲವಂತೆ. ‘ಒಪ್ಪಿಗೆ’ ಸಾಕಲ್ವಾ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ತಿಳಿದು ಕೊಟ್ಟದ್ದಾಗಿರಬೇಕು, ಇಂಥದ್ದಕ್ಕೇ ಎಂದು ಸ್ಪಷ್ಟವಾಗಿರಬೇಕು, ಕೊಡುವವನೇ ಏನಾದರೂ ಮಾಡಿ ತೋರಿಸಿರಬೇಕು. ಇನ್ನೂ ಒಂದು ಮಾತು ಅದರಲ್ಲಿದೆ. ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲೋ, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲೋ ಓದುವ ಆಯ್ಕೆ ಜನರಿಗಿರಬೇಕು. ಅಂದರೆ ಕನ್ನಡದಲ್ಲೂ. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದಿವೆ, ಹಂತಹಂತವಾಗಿ ಜಾರಿಗೆ ಬರುತ್ತವೆ. ಆಮೇಲೆ ಈ ಕಂಪನಿಗಳು ರಾಶಿ ರಾಶಿ ಕನ್ನಡ ಅಚ್ಚು ಹಾಕಲಿವೆ. ಯಂತ್ರಕ್ಕೆ ಕೊಟ್ಟು ತೆಗೆಸಿದ ಕನ್ನಡ ಕಾನೂನಾಗಿ ಕೂರುವ ಮೊದಲೇ ನಮ್ಮಂಥವರು ಬಾಯಿ ಬಿಡುವುದು ಒಳ್ಳೆಯದು.

ಇನ್ನೊಂದು ತಮಾಷೆ. ವರದಿಯನ್ನು ಯಾರು ನೋಡಿದರು ಎಂಬುದರಲ್ಲಿ ‘ಹಾರ್ಡ್ ಎನ್‌ಕ್ವೈರಿ’, ‘ಸಾಫ್ಟ್ ಎನ್‌ಕ್ವೈರಿ’ ಎಂದು ಎರಡು ಬಗೆ. ಒಂದು ಕಡೆ ‘ಕಠಿಣ ವಿಚಾರಣೆ’ ಎಂಬ ಅನುವಾದ ನೋಡಿದೆ. ಲಾಠಿ ಕಣ್ಣೆದುರು ಬಂತು. ಸಾಲದ ಅರ್ಜಿ ಬಂದಾಗ ಬ್ಯಾಂಕಿನವರು ನೋಡುವುದು ಮೊದಲನೆಯದು, ಅದರಿಂದ ಅಂಕ ಸ್ವಲ್ಪ ಇಳಿಯಬಹುದು. ನಮ್ಮದನ್ನು ನಾವೇ ನೋಡುವುದು ಎರಡನೆಯದು, ಅದರಿಂದ ಇಳಿಯುವುದಿಲ್ಲ. ನಮ್ಮ ‘ಕೊಳ್ಳು’ ಈ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ: ಅವರು ‘ನೋಡಿದ್ದು’, ನಾನು ‘ನೋಡಿಕೊಂಡದ್ದು’. ರಿಸರ್ವ್ ಬ್ಯಾಂಕಿನ ಆದೇಶದಂತೆ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಹಾಗಾಗಿ ನಡುವಿನ ಆ್ಯಪ್‌ಗಳ ಹಂಗಿಲ್ಲದೆ ನೇರ ಅವರ ಜಾಲತಾಣದಲ್ಲೇ ನೋಡಿಕೊಳ್ಳಿ ಎಂದು ಬರೆದಿದ್ದೇನೆ. ಸಾಲ ಕೊಡುವವರು ವರದಿ ನೋಡಿದಾಗ ಎಸ್ಸೆಮ್ಮೆಸ್ ಅಥವಾ ಇ-ಮೇಲ್ ಬರಬೇಕು ಎಂಬ ನಿಯಮವೂ ಇದೆ. ತಪ್ಪು ತಿದ್ದಿ ಎಂದು ದೂರು ಕೊಟ್ಟು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಕೊನೆಯದಾಗಿ ‘ಸೆಟಲ್ಡ್’. ಜನ ಇದನ್ನು ‘ಎಲ್ಲ ಸೆಟ್ಲಾಯ್ತು’ ಎಂದು ಓದಿ ಖುಷಿಪಡುತ್ತಾರೆ. ವರದಿಯಲ್ಲಿ ಅದಕ್ಕೆ ಬಾಕಿಯಲ್ಲಿ ಒಂದಷ್ಟು ಬಿಟ್ಟುಕೊಟ್ಟು ಕೈತೊಳೆದುಕೊಂಡರು ಎಂದರ್ಥ, ಮುಂದೆ ಸಾಲ ಸಿಗುವುದಕ್ಕೆ ಅಡ್ಡಿ. ಪೂರ್ತಿ ತೀರಿಸಿದ್ದಕ್ಕೆ ‘ಕ್ಲೋಸ್ಡ್’ ಎಂದಿರುತ್ತದೆ. ಎರಡನೆಯದಕ್ಕೆ ‘ಚುಕ್ತಾ’ ಸರಿಯಾಗಿ ಕೂರುತ್ತದೆ. ಮೊದಲನೆಯದಕ್ಕೆ ‘ರಾಜಿ’ ಎಂದು ಹಾಕಿದ್ದೇನೆ, ಆದರೆ ಅದರಲ್ಲಿ ಕಳಂಕದ ಸುಳಿವೇ ಇಲ್ಲ. ಮಂಗಳೂರು, ಕಲಬುರಗಿ ಕಡೆಯ ಸೊಸೈಟಿಗಳಲ್ಲಿ ಇಂಥ ಸಾಲಕ್ಕೆ ಏನನ್ನುತ್ತಾರೆ?