‘ವಿಪ್’ ಅಂದರೆ ಆಳೋ, ಓಲೆಯೋ?

ಎಲ್ಲರಿಗೂ ನಮಸ್ಕಾರ.

ಕೇಳಬೇಕಾದ್ದು ಒಂದೇ ಪದ, ಹಿನ್ನೆಲೆ ಮಾತ್ರ ಸ್ವಲ್ಪ ಉದ್ದ. ಪಕ್ಷದವರು ತಮ್ಮ ಸಂಸದರಿಗೆ, ಶಾಸಕರಿಗೆ, ಪುರಸಭೆ ಸದಸ್ಯರಿಗೆ ‘ಇಂಥ ದಿನ ಹಾಜರಿರಬೇಕು, ಹೀಗೇ ಮತ ಹಾಕಬೇಕು’ ಎಂದು ಬರೆದು ಕೊಡುವ ಕಾಗದಕ್ಕೆ, ಅಂದರೆ ‘ವಿಪ್’ಗೆ, ಕನ್ನಡದಲ್ಲಿ ಏನನ್ನುತ್ತೀರಿ? ಅದನ್ನು ಕೊಡುವ ಮನುಷ್ಯನಿಗೆ ‘ಸಚೇತಕ’ ಎಂಬ ಪದ ಇದೆ, ಗೊತ್ತು. ನಾನು ಹುಡುಕುತ್ತಿರುವುದು ಕಾಗದದ ಹೆಸರನ್ನು.

ನನ್ನ ಭಾವಮೈದ ಅವರ ಊರಿನ ಪುರಸಭೆಯಲ್ಲಿ ಸದಸ್ಯ. ಅಧ್ಯಕ್ಷ, ಉಪಾಧ್ಯಕ್ಷರ ಚುನಾವಣೆಗೆ ಎರಡು ದಿನ ಇರುವಾಗ ಅವನು ಪ್ರವಾಸ ಹೊರಟಿದ್ದ. ಎಲ್ಲಿಗೆ, ಯಾರ ಖರ್ಚಿನಲ್ಲಿ ಎಂದು ಕೇಳಬೇಡಿ. ನಾನು ಅವನ ಮನೆಗೆ ಹೋದ ಬೆಳಿಗ್ಗೆಯೇ ಇಬ್ಬರು ಬಂದು ಬಾಗಿಲಿಗೆ ಒಂದು ಕಾಗದ ಅಂಟಿಸಿ, ಅದರ ಫೋಟೋ ತೆಗೆದುಕೊಂಡು ಹೋದರು. ಅತ್ತೆ ಗಾಬರಿಯಾಗಿ, “ಏನಿದು ನೋಡಿ ಅಳಿಯಂದ್ರೇ, ಬ್ಯಾಂಕ್ನೋರು ಅಂಟಿಸಿ ಹೋದ್ರಾ?” ಎಂದರು. “ಬ್ಯಾಂಕಿಂದಲ್ಲ ಅತ್ತೆ, ವಿಪ್ಪು” ಎಂದೆ. “ಹಂಗಂದ್ರೆ?” “ಪಾರ್ಟಿಯವರ ಅಪ್ಪಣೆ.” ಅವರು ಒಂದು ನಿಮಿಷ ಆ ಕಾಗದ ನೋಡಿ, “ಅಪ್ಪಣೆ ಕೊಡೋರು ಫೋಟೋ ಯಾಕೆ ಹೊಡ್ಕೊಂಡ್ರು?” ಎಂದರು.

ಫೋಟೋ ಯಾಕೆಂದರೆ, ಕಾಗದ ತಲುಪಿತ್ತು ಎನ್ನುವುದಕ್ಕೆ ನಾಳೆ ಸಾಕ್ಷಿ ಬೇಕು. ಕರ್ನಾಟಕದ ಸ್ಥಳೀಯ ಸಂಸ್ಥೆಗಳಿಗೆ 1987ರಿಂದಲೇ ಪ್ರತ್ಯೇಕ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಪಕ್ಷದ ಚಿಹ್ನೆಯ ಮೇಲೆ ಗೆದ್ದವನು ಪಕ್ಷ ಹೇಳಿದ್ದಕ್ಕೆ ವಿರುದ್ಧವಾಗಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲದ್ದರಿಂದ ಅಲ್ಲಿ ಈ ತಾಪತ್ರಯವಿಲ್ಲ. ಅಂದರೆ ಈ ಪದ ವಿಧಾನಸೌಧದ ಒಳಗೇ ಉಳಿದಿಲ್ಲ, ಸಣ್ಣ ಊರುಗಳ ಬಾಗಿಲಿಗೂ ಬಂದು ಅಂಟಿಕೊಂಡಿದೆ. ಆದರೂ ಬಾಗಿಲ ಒಳಗಿರುವವರಿಗೆ ಅರ್ಥವಾಗುವ ಹೆಸರು ಅದಕ್ಕಿಲ್ಲ.

ಈಗ ‘ಸಚೇತಕ’ದ ವಿಷಯ. ಇದು ಹಿಂದಿಯಲ್ಲೂ ಇರುವ ಪದ. ಅಲ್ಲಿ ‘ಸಚೇತ್’ ಎಂದರೆ ಎಚ್ಚರವಾಗಿರುವುದು, ಹಾಗಾಗಿ ಸಚೇತಕ ಎಂದರೆ ಎಚ್ಚರಿಸುವವನು ಎಂದು ನೇರವಾಗಿ ಹೊಳೆಯುತ್ತದೆ. ಕನ್ನಡದಲ್ಲಿ ನಮಗೆ ಬಳಕೆಯಿರುವುದು ಸಚೇತನ, ಅಚೇತನ. ಆ ಜಾಡಿನಲ್ಲಿ ಹೋದರೆ ಸಚೇತಕ ಎಂದರೆ ಜೀವ ತುಂಬುವವನು ಎಂದಾಗುತ್ತದೆ. ಸರ್ಕಾರ ಬೀಳುವ ಹೊತ್ತಿನಲ್ಲಿ ಅವನು ಮಾಡಬೇಕಾದ ಕೆಲಸವೂ ಅದೇ ಅನ್ನಿ. ಏನೇ ಇರಲಿ, ‘ಮುಖ್ಯ ಸಚೇತಕ’ ಎನ್ನುವುದು ಸದನದ ಕಡತದಲ್ಲೂ ಪತ್ರಿಕೆಯಲ್ಲೂ ಕುದುರಿಕೊಂಡ ಪದ. ಅದನ್ನು ಕದಲಿಸುವ ಆಸೆ ನನಗಿಲ್ಲ.

ತೊಡಕು ಶುರುವಾಗುವುದು ‘ಸಚೇತಕರು ವಿಪ್ ಜಾರಿ ಮಾಡಿದರು’ ಎಂದು ಬರೆದಾಗ. ಇಂಗ್ಲಿಷಿನಲ್ಲಿ ಆಳಿಗೂ ಓಲೆಗೂ ಒಂದೇ ಪದ. ನಾವು ಆಳಿಗೆ ಸಂಸ್ಕೃತ ಕೊಟ್ಟು ಓಲೆಗೆ ಇಂಗ್ಲಿಷನ್ನೇ ಉಳಿಸಿಕೊಂಡೆವು. ಕನ್ನಡ ಮಾತ್ರ ಬಲ್ಲ ಓದುಗನಿಗೆ ಈ ಎರಡಕ್ಕೂ ನಂಟಿದೆ ಎಂಬುದೇ ತಿಳಿಯುವುದಿಲ್ಲ.

ಮೂಲಕ್ಕೆ ಹೋದರೆ ಅದು ಇಂಗ್ಲೆಂಡಿನ ನರಿಬೇಟೆಯ ಮಾತು. ಬೇಟೆನಾಯಿಗಳ ಹಿಂಡು ಚದುರದಂತೆ ಚಾಟಿ ಹಿಡಿದು ಒಟ್ಟಿಗೆ ತರುವ ಆಳಿಗೆ ಅಲ್ಲಿ ‘ವಿಪ್ಪರ್-ಇನ್’ ಎನ್ನುತ್ತಿದ್ದರು. ಪಾರ್ಲಿಮೆಂಟಿನಲ್ಲಿ ತಮ್ಮ ಕಡೆಯವರನ್ನು ಮತದ ಹೊತ್ತಿಗೆ ಒಳಗೆ ತಂದು ಕೂರಿಸುವವನಿಗೂ ಅದೇ ಹೆಸರು ಅಂಟಿತು, ಆಮೇಲೆ ಚಿಕ್ಕದಾಯಿತು. ಸದಸ್ಯರನ್ನು ಯಾವುದಕ್ಕೆ ಹೋಲಿಸಿದ್ದರು ಎಂಬುದನ್ನು ನಮ್ಮ ಶಾಸಕರಿಗೆ ಯಾರೂ ಹೇಳದಿರುವುದೇ ಒಳ್ಳೆಯದು. ನೆರೆಯವರಲ್ಲಿ ತಮಿಳರು ಚಾಟಿಯನ್ನೇ ಹಿಡಿದರು. ಅವರ ಪತ್ರಿಕೆಗಳಲ್ಲಿ ಸಚೇತಕನಿಗೆ ‘ಕೊರಡಾ’ ಎನ್ನುತ್ತಾರೆ. ತೆಲುಗಿನಲ್ಲೂ ಕೊರಡಾ ಎಂದರೆ ಚಾಟಿಯೇ, ಆದರೆ ಅವರು ‘ಪ್ರಭುತ್ವ ವಿಪ್’ ಎಂದೇ ಬರೆಯುತ್ತಾರೆ. ಮರಾಠಿಯವರದು ‘ಪ್ರತೋದ’, ಎಂದರೆ ಎತ್ತು ತಿವಿಯುವ ಮುಳ್ಳುಗೋಲು.

ನಾವೂ ‘ಚಾಟಿ’ ಎನ್ನಬಹುದಿತ್ತಲ್ಲ ಎಂದು ಯೋಚಿಸಿದೆ. ಆಗದು. ನಮ್ಮ ಶೀರ್ಷಿಕೆಗಳಲ್ಲಿ ಆ ಪದವನ್ನು ನ್ಯಾಯಾಲಯಗಳು ಆಗಲೇ ಹಿಡಿದುಬಿಟ್ಟಿವೆ. ‘ಸರ್ಕಾರಕ್ಕೆ ಹೈಕೋರ್ಟ್ ಚಾಟಿ’ ಎಂದು ಓದದ ವಾರವೇ ಇಲ್ಲ. ಅಲ್ಲದೆ ಕನ್ನಡದಲ್ಲಿ ಚಾಟಿ ಬೀಸುವುದು ತಪ್ಪು ಮಾಡಿದ ಮೇಲೆ. ವಿಪ್ ಕೊಡುವುದು ತಪ್ಪು ಮಾಡುವ ಮುಂಚೆ.

ಕಾನೂನು ಏನನ್ನುತ್ತದೆ ಎಂದು ನೋಡಿದರೆ ಒಂದು ಮಜಾ ಇದೆ. ಸಂವಿಧಾನದ ಹತ್ತನೇ ಅನುಸೂಚಿಯಲ್ಲಿ, ಅಂದರೆ 1985ರಲ್ಲಿ 52ನೇ ತಿದ್ದುಪಡಿ ತಂದ ಪಕ್ಷಾಂತರ ನಿಷೇಧದ ಭಾಗದಲ್ಲಿ, ‘ವಿಪ್’ ಎಂಬ ಪದವೇ ಇಲ್ಲ. ಅಲ್ಲಿರುವುದು ಪಕ್ಷ, ಅಥವಾ ಪಕ್ಷ ಅಧಿಕಾರ ಕೊಟ್ಟವರು ಹೊರಡಿಸಿದ ‘ನಿರ್ದೇಶನ’. ಅದಕ್ಕೆ ವಿರುದ್ಧವಾಗಿ, ಮುಂಚಿತವಾಗಿ ಅನುಮತಿ ಪಡೆಯದೆ ಮತ ಹಾಕಿದರೂ, ಮತ ಹಾಕದೆ ಕೂತರೂ ಸದಸ್ಯ ಅನರ್ಹನಾಗಬಹುದು. ಪಕ್ಷ 15 ದಿನದೊಳಗೆ ಮನ್ನಿಸಿದರೆ ಬಚಾವ್. ಎಲ್ಲ ಮಸೂದೆಗೂ ಹೀಗೆ ಕಟ್ಟಿಹಾಕುವುದು ಸಲ್ಲದು, ಸರ್ಕಾರದ ಉಳಿವಿನ ಪ್ರಶ್ನೆಗೂ ಪಕ್ಷದ ಮೂಲ ನೀತಿಗೂ ಇದು ಮೀಸಲಿರಲಿ ಎಂದು 1992ರ ಕಿಹೋಟೊ ಹೊಲ್ಲೊಹಾನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಕೇಳಿದವರು ಕಡಿಮೆ.

ಹಾಗಾದರೆ ‘ನಿರ್ದೇಶನ’ ಎಂದೇ ಬರೆದರಾಯಿತಲ್ಲ ಎನ್ನುತ್ತೀರಿ. ಬರೆದು ನೋಡಿದೆ, ಸಪ್ಪೆ. ಸರ್ಕಾರಿ ಕಚೇರಿಯಲ್ಲಿ ದಿನಕ್ಕೆ ಹತ್ತು ನಿರ್ದೇಶನ ಬರುತ್ತವೆ, ಯಾರ ಕುರ್ಚಿಯೂ ಅಲುಗುವುದಿಲ್ಲ. ಇದು ಮೀರಿದರೆ ಕುರ್ಚಿ ಹೋಗುವ ಮಾತು. ಆ ಬಿರುಸು ಪದದಲ್ಲೇ ಕೇಳಿಸಬೇಕು.

2019ರ ಜುಲೈ ತಿಂಗಳ ಪತ್ರಿಕೆಗಳನ್ನು ಇಟ್ಟುಕೊಂಡಿರುವವರು ತೆರೆದು ನೋಡಿ, ಈ ಪದ ಎಷ್ಟು ಕೆಲಸ ಮಾಡಬೇಕಾಯಿತು ಎಂದು ತಿಳಿಯುತ್ತದೆ. ಆಳುವ ಮೈತ್ರಿಕೂಟಕ್ಕೆ ರಾಜೀನಾಮೆ ಕೊಟ್ಟು ಹೋಗಿದ್ದ 15 ಶಾಸಕರನ್ನು ಸದನಕ್ಕೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಜುಲೈ 17ರಂದು ಸುಪ್ರೀಂ ಕೋರ್ಟ್ ಹೇಳಿತು. ಮರುದಿನ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು ವಿಶ್ವಾಸಮತ ಕೋರುತ್ತಿದ್ದಂತೆ ಸಿದ್ದರಾಮಯ್ಯನವರು ಕ್ರಿಯಾಲೋಪ, ಅಂದರೆ ಕಲಾಪದ ನಿಯಮದ ಬಗ್ಗೆ ಆಕ್ಷೇಪ, ಎತ್ತಿದರು: ಹಾಗಾದರೆ ಶಾಸಕಾಂಗ ಪಕ್ಷದ ನಾಯಕನಾಗಿ ನಾನು ಕೊಡುವ ವಿಪ್‌ಗೆ ಬೆಲೆಯೇನು ಎಂಬುದು ಅದರ ಸಾರ. (ನಡುವೆ ಒಂದು ಮಾತು. ‘ಕ್ರಿಯಾಲೋಪ’, ‘ನಿಲುವಳಿ ಸೂಚನೆ’, ‘ಶೂನ್ಯವೇಳೆ’ ಇವೆಲ್ಲ ನಮ್ಮ ಸದನದಲ್ಲಿ ದಿನನಿತ್ಯ ಓಡಾಡುವ ಕನ್ನಡ. ಇಷ್ಟೆಲ್ಲ ಕಟ್ಟಿದವರು ಈ ಒಂದನ್ನು ಯಾಕೆ ಬಿಟ್ಟರೋ!) ಜುಲೈ 23ರಂದು ಮತಕ್ಕೆ ಹಾಕಿದಾಗ ಪರ 99, ವಿರುದ್ಧ 105. ಸರ್ಕಾರ ಬಿತ್ತು. ಆಮೇಲೆ ಸಭಾಧ್ಯಕ್ಷ ರಮೇಶ್ ಕುಮಾರ್ ಅವರು 17 ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ವಿಧಾನಸಭೆಯ ಅವಧಿ ಮುಗಿಯುವವರೆಗೂ ಸ್ಪರ್ಧಿಸಬಾರದು ಎಂಬ ಭಾಗವನ್ನಷ್ಟೇ ತೆಗೆದುಹಾಕಿತು. ಶೀರ್ಷಿಕೆ ಬರೆಯುವವರಿಗೆ ಆ ಜುಲೈ ತಿಂಗಳು ಹಬ್ಬ. ವಿಪ್ ‘ಜಾರಿ’ಯಾದರೂ ಶಾಸಕರು ‘ಜಾರಿ’ದರು ಎಂಬ ಶ್ಲೇಷೆಯನ್ನು ನಾನೂ ಬಿಟ್ಟಿರಲಿಲ್ಲ.

ಅದೇ ವರ್ಷ ನಾನು ದೊಡ್ಡ ತಪ್ಪೊಂದನ್ನೂ ಮಾಡಿದೆ. ಈ ಪ್ರಶ್ನೆ ನಿಜವಾಗಿ ಹುಟ್ಟಿದ್ದು ಅಲ್ಲಿ. ಸೆಪ್ಟೆಂಬರ್ 3ರಂದು ಲಂಡನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷದ 21 ಸಂಸದರು ತಮ್ಮದೇ ಬೋರಿಸ್ ಜಾನ್ಸನ್ ಸರ್ಕಾರದ ವಿರುದ್ಧ ಮತ ಹಾಕಿದರು. ಒಪ್ಪಂದವಿಲ್ಲದ ಬ್ರೆಕ್ಸಿಟ್ (ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರುವುದು) ತಡೆಯುವ ಮಸೂದೆಗೆ ದಾರಿ ಮಾಡಿಕೊಡುವ ಮತ ಅದು. ಚರ್ಚಿಲ್ಲರ ಮೊಮ್ಮಗ ನಿಕೊಲಸ್ ಸೋಮ್ಸ್ ಕೂಡ ಆ ಗುಂಪಿನಲ್ಲಿದ್ದರು. ಸುದ್ದಿ ಇಂಗ್ಲಿಷಿನಲ್ಲಿ ಬಂತು, ಅನುವಾದ ನನ್ನ ಪಾಲಿಗೆ ಬಿತ್ತು. ‘21 ಸಂಸದರ ವಿಪ್ ವಾಪಸ್’ ಎಂದು ಬರೆದು ಕಳಿಸಿದೆ. ಓದಿದವರೆಲ್ಲ ಏನು ತಿಳಿದುಕೊಂಡರು? ಪಕ್ಷ ತನ್ನ ಆದೇಶವನ್ನು ಹಿಂದೆಗೆದುಕೊಂಡಿತು, ಪಾಪ ಅವರನ್ನು ಬಿಟ್ಟುಬಿಟ್ಟಿತು ಎಂದು. ಆದದ್ದು ನೇರ ತಿರುವುಮುರುವು. ಬ್ರಿಟನ್ನಿನಲ್ಲಿ ವಿಪ್ ವಾಪಸ್ ಪಡೆಯುವುದು ಎಂದರೆ ಸಂಸದೀಯ ಪಕ್ಷದಿಂದ ಹೊರಗಟ್ಟುವುದು. ಅಕ್ಟೋಬರ್‌ನಲ್ಲಿ ಅವರಲ್ಲಿ 10 ಮಂದಿಗೆ ‘ವಿಪ್ ಮರಳಿ ಕೊಟ್ಟರು’, ಅಂದರೆ ಒಳಗೆ ಸೇರಿಸಿಕೊಂಡರು. ಆಳು, ಓಲೆ ಎರಡೂ ಅಲ್ಲದ ಮೂರನೇ ಅರ್ಥ ಇದು, ಪಕ್ಷದೊಡನೆ ಇರುವ ನಂಟು. ಹೊರಗಟ್ಟಿದರೂ ಆ 21 ಮಂದಿ ಸಂಸದರಾಗಿಯೇ ಉಳಿದರು ಎನ್ನುವುದನ್ನೂ ಗಮನಿಸಿ. ಅಲ್ಲಿ ಪಕ್ಷ ತನ್ನ ನಂಟು ಕಡಿಯಬಹುದು, ಮತದಾರ ಕೊಟ್ಟ ಕುರ್ಚಿ ಕಸಿಯಲಾಗದು. ನಮ್ಮಲ್ಲಿ ಓಲೆ ಮೀರಿದರೆ ಕುರ್ಚಿಯೇ ಹೋಗುತ್ತದೆ. ಒಂದೇ ಪದ ಎರಡು ದೇಶದಲ್ಲಿ ಎರಡು ತೂಕ.

ಪಕ್ಷದಿಂದ ಹೊರಗಟ್ಟುವುದು, ಕುರ್ಚಿ ಕಸಿಯುವುದು, ಈ ಎರಡರ ಗೊಂದಲ ನಮ್ಮಲ್ಲೂ ಇಲ್ಲದಿಲ್ಲ. ಅದೇ ಜುಲೈಯಲ್ಲಿ ರಾಜ್ಯದ ಏಕೈಕ ಬಿಎಸ್‌ಪಿ ಶಾಸಕ ಎನ್. ಮಹೇಶ್ ವಿಶ್ವಾಸಮತಕ್ಕೆ ಗೈರಾದರು, ಮಾಯಾವತಿಯವರು ಪಕ್ಷದಿಂದ ಉಚ್ಚಾಟಿಸಿದರು. ಉಚ್ಚಾಟನೆ ಬೇರೆ, ಅನರ್ಹತೆ ಬೇರೆ. ಶಾಸಕತ್ವ ಹಾಗೇ ಇತ್ತು. ಒಬ್ಬನೇ ಶಾಸಕನಿರುವ ಪಕ್ಷಕ್ಕೆ ಸದನದಲ್ಲಿ ಸಚೇತಕ ಯಾರು ಎಂದು ಆಗ ನಗುತ್ತ ಕೇಳಿಕೊಂಡಿದ್ದೆವು. ಅದು ನಗುವ ಪ್ರಶ್ನೆಯಲ್ಲ ಎಂದು ಆಮೇಲೆ ತಿಳಿಯಿತು. ಸಚೇತಕನನ್ನು ನೇಮಿಸುವುದು ಶಾಸಕರ ಗುಂಪಲ್ಲ, ಹೊರಗಿರುವ ರಾಜಕೀಯ ಪಕ್ಷ ಎಂದು 2023ರ ಮೇ 11ರಂದು ಮಹಾರಾಷ್ಟ್ರದ ಶಿವಸೇನೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಕ್ಷ ಎರಡು ಬಣವಾಗಿದ್ದರಿಂದ ಯಾರ ಪ್ರತೋದ ನಿಜವಾದ ಪ್ರತೋದ ಎಂಬುದೇ ಅಲ್ಲಿನ ಜಗಳವಾಗಿತ್ತು.

ಇನ್ನೊಂದು ಎಡವಟ್ಟು ನಮ್ಮ ‘ಮೂರು ಸಾಲಿನ ವಿಪ್’. ಟಿವಿಯಲ್ಲಿ ಕೇಳಿದ ನನ್ನ ಮಗಳು, “ಮೂರೇ ಸಾಲು ಬರೆದ್ರೆ ಸಾಕಾಪ್ಪ?” ಎಂದಳು. ಅದು ಬರಹದ ಸಾಲಲ್ಲ. ಬ್ರಿಟನ್ನಿನಲ್ಲಿ ಸದಸ್ಯರಿಗೆ ವಾರವಾರ ಹೋಗುವ ಕಲಾಪದ ಪಟ್ಟಿಯಲ್ಲಿ ಮುಖ್ಯವಾದದ್ದರ ಕೆಳಗೆ ಗೆರೆ ಎಳೆಯುತ್ತಿದ್ದರು. ಒಂದು ಗೆರೆ ಇದ್ದರೆ ಬಂದರೆ ಒಳ್ಳೆಯದು, ಮೂರು ಗೆರೆ ಇದ್ದರೆ ಬರಲೇಬೇಕು. ‘ಮೂರು ಗೆರೆಯ’ ಎಂದಿದ್ದರೆ ಅರ್ಧ ಗೊಂದಲ ತಪ್ಪುತ್ತಿತ್ತು. ನಮ್ಮಲ್ಲೂ ಬರೆದದ್ದರ ಕೆಳಗೆ ಗೆರೆ ಎಳೆದು ಒತ್ತಿ ಹೇಳುವ ರೂಢಿ ಇದೆ, ತಿಳಿಯದ್ದೇನಲ್ಲ.

ಈಗ ನನ್ನ ಸೂಚನೆ, ಹುಳುಕಿನ ಸಮೇತ. ಅತ್ತೆಗೆ ತಟ್ಟನೆ ಹೇಳಿದ ‘ಅಪ್ಪಣೆ’ ನನಗೆ ಹಿಡಿಸಿತ್ತು. ಬರೆಯಲು ಕೂತಾಗ ಕಾಲು ಸಿಕ್ಕಿಕೊಂಡಿತು. ಕನ್ನಡದಲ್ಲಿ ಅಪ್ಪಣೆ ಆಜ್ಞೆಯೂ ಹೌದು, ಅನುಮತಿಯೂ ಹೌದು. ಹತ್ತನೇ ಅನುಸೂಚಿಯ ವಾಕ್ಯವನ್ನು ಬರೆದರೆ ‘ಪಕ್ಷದ ಅಪ್ಪಣೆ ಮೀರಿ, ಪಕ್ಷದ ಅಪ್ಪಣೆಯಿಲ್ಲದೆ ಮತ ಹಾಕಿದರೆ’ ಎಂದಾಗುತ್ತದೆ. ಅಪ್ಪಣೆ ಇತ್ತೋ ಇಲ್ಲವೋ ಎಂದು ವಕೀಲರು ಹತ್ತು ವರ್ಷ ವಾದಿಸಬಹುದು. ‘ಕಟ್ಟಪ್ಪಣೆ’ ಎಂದರೆ ಆ ತೊಡಕಿಲ್ಲ. ಕಟ್ಟಪ್ಪಣೆ ಯಾವತ್ತೂ ಅನುಮತಿಯಾಗುವುದಿಲ್ಲ. ‘ಕಟ್ಟಪ್ಪಣೆ ಹೊರಡಿಸಿದರು’, ‘ಕಟ್ಟಪ್ಪಣೆ ಮೀರಿದ ಶಾಸಕ’, ‘ಮೂರು ಗೆರೆಯ ಕಟ್ಟಪ್ಪಣೆ’ ಎಲ್ಲ ನಾಲಿಗೆಗೆ ಸಲೀಸಾಗಿ ಬರುತ್ತವೆ. ಒಬ್ಬ ಗೆಳೆಯರು ಇದರಲ್ಲಿ ಪಾಳೆಗಾರರ ವಾಸನೆ ಇದೆ ಎಂದು ಆಕ್ಷೇಪಿಸಿದರು. ಇರಬಹುದು. ಆ ವಾಸನೆ ಪದಕ್ಕಿಂತ ಪದ್ಧತಿಯಲ್ಲೇ ಹೆಚ್ಚಿದೆ ಎಂದು ನನಗನ್ನಿಸುತ್ತದೆ. ಅವರು ಸೂಚಿಸಿದ ‘ಪಕ್ಷಾದೇಶ’ ಚೊಕ್ಕಟವಾಗಿದೆ, ಆದರೆ ನೋಡಿದೊಡನೆ ‘ಪಕ್ಷಾಂತರ’ದ ತಮ್ಮನಂತೆ ಕಾಣುತ್ತದೆ. ಬ್ರಿಟನ್ನಿನ ಮೂರನೇ ಅರ್ಥಕ್ಕೆ ಇವೆರಡೂ ಆಗವು, ಅಲ್ಲಿ ‘ಸಂಸದೀಯ ಪಕ್ಷದಿಂದ ಹೊರಗಿಟ್ಟರು’ ಎಂದು ಬಿಡಿಸಿ ಬರೆಯುವುದೇ ಸರಿ.

ನಿಮ್ಮಿಂದ ತಿಳಿಯಬೇಕಿರುವುದು ಇದು. ನಿಮ್ಮ ಊರಿನ ಪುರಸಭೆ, ನಗರಸಭೆ, ತಾಲ್ಲೂಕು ಪಂಚಾಯಿತಿಯಲ್ಲಿ ಈ ಕಾಗದಕ್ಕೆ ಸದಸ್ಯರು ತಮ್ಮತಮ್ಮೊಳಗೆ ಏನನ್ನುತ್ತಾರೆ? ಬೆಳಗಾವಿ, ನಿಪ್ಪಾಣಿ ಕಡೆಯವರ ಬಾಯಲ್ಲಿ ಮರಾಠಿಯ ಪದ ಓಡಾಡುತ್ತದೆಯೇ? ಕರಾವಳಿಯಲ್ಲಿ? ಹಳೆಯ ಮೈಸೂರು ವಿಧಾನಸಭೆಯ ಕಲಾಪದ ಪುಸ್ತಕಗಳನ್ನು ತಿರುವಿ ಹಾಕಿದವರಿದ್ದರೆ, ‘ಸಚೇತಕ’ ಬರುವ ಮೊದಲು ಅಲ್ಲಿ ಯಾವ ಪದವಿತ್ತು ಎಂದು ದಯವಿಟ್ಟು ತಿಳಿಸಿ. ಭಾವಮೈದನ ಮನೆಯ ಬಾಗಿಲಲ್ಲಿ ಅಂಟು ಇನ್ನೂ ಹೋಗಿಲ್ಲ. ಅತ್ತೆ ಅದಕ್ಕೆ ‘ಬಾಗಿಲಚೀಟಿ’ ಎನ್ನುತ್ತಾರೆ. ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.